ಹಂಚು ಒಡೆಯುವುದಷ್ಟೇ ಕರಾಟೆಯಲ್ಲ

ಜೂನ್ ತಿಂಗಳು ಬಂತೆಂದರೆ ಶಾಲೆಗಳ ಕಾಂಪೌಂಡಿಗೂ ಬೀದಿಯ ಕಂಬಗಳಿಗೂ ಕರಾಟೆ ಕ್ಲಾಸಿನ ಬ್ಯಾನರುಗಳು ಬೀಳುತ್ತವೆ. ಹಾರಿ ಒದೆಯುತ್ತಿರುವ ಒಬ್ಬ ಹುಡುಗ, ಪಕ್ಕದಲ್ಲಿ ಬ್ರೂಸ್ ಲೀ, ಕೆಳಗೊಂದು ಮೊಬೈಲ್ ನಂಬರು. ಸಂಜೆ ಐದೂವರೆಗೆ ಸಮುದಾಯ ಭವನದಲ್ಲಿ ಬಿಳಿ ಡ್ರೆಸ್ ತೊಟ್ಟ ಮಕ್ಕಳು ಸಾಲಾಗಿ ನಿಂತು ಇಚಿ, ನಿ, ಸಾನ್ ಎಂದು ಜಪಾನಿಯಲ್ಲಿ ಎಣಿಸುತ್ತ ಗಾಳಿಗೆ ಪಂಚ್ ಹೊಡೆಯುತ್ತಾರೆ. ಕರಾಟೆ ನಮ್ಮಲ್ಲಿ ಈಗ ಹೊಸದಲ್ಲ. ಶಂಕರ್‌ನಾಗ್ ಅವರನ್ನು ಅಭಿಮಾನಿಗಳು ಕರಾಟೆ ಕಿಂಗ್ ಎಂದು ಕರೆದ ಕಾಲದಿಂದಲೂ ಈ ಪದ ಕನ್ನಡಿಗರ ಬಾಯಲ್ಲಿದೆ.

ಪದ ಬಂದಷ್ಟು ಸಲೀಸಾಗಿ ಅದರ ಹಿಂದಿನ ಸಂಗತಿ ಬರಲಿಲ್ಲ. ಸಿನಿಮಾದಿಂದ, ಪ್ರದರ್ಶನಗಳಿಂದ, ಬಾಯಿಂದ ಬಾಯಿಗೆ ಬಂದ ಕಥೆಗಳನ್ನೇ ಕರಾಟೆ ಎಂದು ನಂಬಿದ್ದೇವೆ. ನಂಬಿದರೆ ಏನಾಯಿತು ಎಂದು ಕೇಳಬಹುದು. ತುಂಬ ಆಗುತ್ತದೆ. ನಾವು ನಂಬಿದ ಕಥೆಯೇ ನಮ್ಮನ್ನು ಯಾವುದೋ ಒಂದು ಕ್ಲಾಸಿನ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ಹಂಚು ಒಡೆಯುವುದೇ ಕರಾಟೆ ಎಂದುಕೊಂಡವರು ಹಂಚು ಒಡೆಸುವ ಮಾಸ್ಟರನ್ನು ಹುಡುಕುತ್ತಾರೆ. ಬೆಲ್ಟೇ ಕರಾಟೆ ಎಂದುಕೊಂಡವರು ಬೇಗ ಬೆಲ್ಟ್ ಕೊಡುವವರನ್ನು. ಮಗು ಒಬ್ಬರ ಕೈಗೆ ತನ್ನ ಮೈಯನ್ನೂ ಮನಸ್ಸನ್ನೂ ವರ್ಷಗಟ್ಟಲೆ ಒಪ್ಪಿಸುವ ವಿಷಯ ಇದು. ಆದ್ದರಿಂದ ಮೂಲದ ಕಥೆಯಿಂದಲೇ ಶುರು ಮಾಡೋಣ.

ತಪ್ಪು ಕಲ್ಪನೆ: ಕರಾಟೆ ಭಾರತದ್ದು; ಕಂಚಿಯ ಬೋಧಿಧರ್ಮ ಅದನ್ನು ಚೀನಾಕ್ಕೆ ಒಯ್ದ

ಬೆಲ್ಟ್ ವಿತರಣೆಯ ಸಮಾರಂಭಗಳಲ್ಲಿ ಮುಖ್ಯ ಅತಿಥಿಗಳು ಆಡುವ ಮಾತು ಇದು. 2011ರಲ್ಲಿ ಬಂದ ತಮಿಳಿನ ‘7ಆಮ್ ಅರಿವು’ ಸಿನಿಮಾದ ಬಳಿಕ ಇದು ಇನ್ನೂ ಗಟ್ಟಿಯಾಯಿತು.

ವಾಸ್ತವ: ಬೋಧಿಧರ್ಮ ಇದ್ದದ್ದು ಸುಮಾರು 5–6ನೇ ಶತಮಾನದಲ್ಲಿ. ದಕ್ಷಿಣ ಭಾರತದಿಂದ ಹೋದವನು ಎಂಬ ಹಳೆಯ ಚೀನೀ ಉಲ್ಲೇಖವಿದೆ. ಪರ್ಷಿಯಾದ ಕಡೆಯವನು ಎನ್ನುವ ಉಲ್ಲೇಖವೂ ಇದೆ. ಧ್ಯಾನ ಪಂಥದ ಆದಿಗುರು ಎಂದು ಅವನಿಗಿರುವ ಗೌರವ ಬಹಳ ದೊಡ್ಡದು. ಆದರೆ ಅವನು ಚೀನಾದ ಶಾವೋಲಿನ್ ಮಠದ ಭಿಕ್ಷುಗಳಿಗೆ ಹೊಡೆದಾಟದ ವಿದ್ಯೆ ಕಲಿಸಿದನೆಂದು ಅವನ ಕಾಲದ ಯಾವ ಬರಹವೂ ಹೇಳುವುದಿಲ್ಲ. ಅವನನ್ನು ವ್ಯಾಯಾಮ ವಿದ್ಯೆಗೆ ಜೋಡಿಸಿದ್ದು ಯಿಜಿನ್ ಜಿಂಗ್ ಎಂಬ ಪುಸ್ತಿಕೆ. ಅದು 1624ರದ್ದು, ಅಂದರೆ ಅವನು ತೀರಿಹೋಗಿ ಸಾವಿರ ವರ್ಷ ಕಳೆದ ಮೇಲಿನದು. ಅದರ ಮುನ್ನುಡಿಗಳು ನಕಲಿ ಎಂದು ಚೀನೀ ವಿದ್ವಾಂಸರೇ ತೋರಿಸಿಕೊಟ್ಟಿದ್ದಾರೆ. ಅವನು ಒಯ್ದನೆನ್ನುವ ಕೇರಳದ ಕಳರಿಪಯಟ್ಟು ಕೂಡ ಈಗಿನ ರೂಪ ತಾಳಿದ್ದು ಬೋಧಿಧರ್ಮನ ಬಳಿಕ ಹಲವು ಶತಮಾನ ಕಳೆದ ಮೇಲೆ ಎಂಬುದು ಸಂಶೋಧಕರ ಅಭಿಪ್ರಾಯ.

ಇನ್ನೊಂದು ಸಾಕ್ಷ್ಯ ಕರಾಟೆಯ ಮನೆಯೊಳಗಿನದೇ. ಆಧುನಿಕ ಕರಾಟೆಯ ಪಿತಾಮಹ ಎನ್ನಬಹುದಾದ ಇತೊಸು ಆಂಕೊ 1908ರಲ್ಲಿ, ಕರಾಟೆ ಹುಟ್ಟಿದ ಓಕಿನಾವಾ ದ್ವೀಪದ ಶಿಕ್ಷಣ ಇಲಾಖೆಗೆ ಹತ್ತು ಅಂಶಗಳ ಒಂದು ಪತ್ರ ಬರೆದರು. ಕರಾಟೆ ಬೌದ್ಧ ಧರ್ಮದಿಂದಾಗಲೀ ಕನ್‌ಫ್ಯೂಷಿಯಸ್ ಪಂಥದಿಂದಾಗಲೀ ಹುಟ್ಟಿದ್ದಲ್ಲ ಎಂದೇ ಅದು ಶುರುವಾಗುತ್ತದೆ. ಚೀನಾದಿಂದ ಬಂದದ್ದನ್ನು ಅವರು ಒಪ್ಪಿಕೊಳ್ಳುತ್ತಾರೆ, ಅದಕ್ಕೆ ಧರ್ಮದ ಮೂಲ ಕಟ್ಟುವುದನ್ನು ಒಪ್ಪುವುದಿಲ್ಲ.

ನಮ್ಮ ಹೆಮ್ಮೆಗೆ ಇದರಿಂದ ಯಾವ ಕುಂದೂ ಇಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಆಹಾರ, ಸಾಧನೆ, ಪಟ್ಟುಗಳ ಬಗ್ಗೆ ಬರೆಸಿದ್ದಾನೆ. ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗ ಇವತ್ತಿಗೂ ನಡೆಯುತ್ತದೆ. ಊರೂರಲ್ಲಿ ಗರಡಿ ಮನೆಗಳಿವೆ. ಇಷ್ಟು ಇರುವಾಗ ಇನ್ನೊಂದು ದ್ವೀಪದ ಜನ ಕಟ್ಟಿಕೊಂಡದ್ದನ್ನು ನಮ್ಮದೆನ್ನುವ ಅಗತ್ಯವಿಲ್ಲ. ಅವರ ಶ್ರಮವನ್ನು ಅವರದ್ದೆಂದು ಒಪ್ಪಿಕೊಂಡು ಕಲಿಯುವುದೇ ಶಿಷ್ಯನಾದವನ ಮೊದಲ ಮರ್ಯಾದೆ ಎಂದು ನಾನು ನಂಬಿದ್ದೇನೆ.

ತಪ್ಪು ಕಲ್ಪನೆ: ಆಯುಧ ಕಳೆದುಕೊಂಡ ಬಡ ರೈತರು ಸಮುರಾಯ್‌ಗಳ ವಿರುದ್ಧ ಗುಟ್ಟಾಗಿ ಕಟ್ಟಿದ ವಿದ್ಯೆ

ವಾಸ್ತವ: ಕಥೆ ರೋಮಾಂಚಕವಾಗಿದೆ. ಕುದುರೆಯ ಮೇಲಿದ್ದ ಸಮುರಾಯ್‌ನನ್ನು ಉರುಳಿಸಲೆಂದೇ ಹಾರಿ ಒದೆಯುವುದನ್ನು ಕಂಡುಹಿಡಿದರು ಎಂಬ ಮಾತೂ ಇದಕ್ಕೆ ಸೇರಿಕೊಂಡಿದೆ. ಚರಿತ್ರೆ ಹೇಳುವುದು ಬೇರೆ.

ಜಪಾನಿನ ದಕ್ಷಿಣಕ್ಕೆ, ತೈವಾನಿನ ಕಡೆಗೆ ಚಾಚಿಕೊಂಡ ದ್ವೀಪಗಳ ಸಾಲಿನಲ್ಲಿ ಓಕಿನಾವಾ ದೊಡ್ಡದು. 1429ರಿಂದ 1879ರವರೆಗೆ ಅಲ್ಲಿ ರ್‍ಯೂಕ್ಯೂ ಎಂಬ ಸ್ವಂತ ರಾಜ್ಯವಿತ್ತು; ರಾಜಧಾನಿ ಶುರಿ, ಬಂದರು ನಾಹಾ. ಅದು ವ್ಯಾಪಾರದಿಂದ ಬದುಕಿದ ರಾಜ್ಯ. 14ನೇ ಶತಮಾನದಿಂದಲೇ ಚೀನಾದ ಚಕ್ರವರ್ತಿಗೆ ಕಪ್ಪಕಾಣಿಕೆ ಹೊತ್ತ ಹಡಗುಗಳು ಹೋಗುತ್ತಿದ್ದವು. ಅತ್ತಲಿಂದ ಫ್ಯೂಜಿಯನ್ ಪ್ರಾಂತ್ಯದ ಕುಟುಂಬಗಳು ಬಂದು ನಾಹಾದ ಕುಮೆ ಎಂಬ ಬಡಾವಣೆಯಲ್ಲಿ ನೆಲೆಸಿದವು. ಫ್ಯೂಜಿಯನ್‌ನ ಬಂದರು ಫುಜೌನಲ್ಲಿ ರ್‍ಯೂಕ್ಯೂ ಜನರಿಗೆಂದೇ ಒಂದು ವಸತಿಯಿತ್ತು. ಈ ಓಡಾಟದಲ್ಲೇ ಫ್ಯೂಜಿಯನ್‌ನ ಬಿಳಿ ಕೊಕ್ಕರೆ ಮೊದಲಾದ ಶೈಲಿಗಳು ಓಕಿನಾವಾದ ಸ್ವಂತ ಕೈವರಸೆಯೊಂದಿಗೆ ಬೆರೆತವು. ಸಾನ್‌ಚಿನ್ ಎಂಬ ಕಟಾ, ಅಂದರೆ ಗೊತ್ತುಪಡಿಸಿದ ಚಲನೆಗಳ ಸರಣಿ, ಇವತ್ತಿಗೂ ಓಕಿನಾವಾದಲ್ಲೂ ಇದೆ, ಅದೇ ಹೆಸರಿನ ಅಭ್ಯಾಸ ಫ್ಯೂಜಿಯನ್ ಶೈಲಿಗಳಲ್ಲೂ ಇದೆ.

ಇನ್ನು ಆಯುಧಗಳ ಮಾತು. 1477ರಿಂದ 1526ರವರೆಗೆ ಆಳಿದ ಶೋ ಶಿನ್ ಅರಸ ಕತ್ತಿ ಬಿಲ್ಲುಗಳನ್ನು ರಾಜ್ಯದ ಬಳಕೆಗೆ ಒಂದೆಡೆ ಸೇರಿಸಿದನೆಂದು 1509ರ ಶಾಸನ ಹೇಳುತ್ತದೆ. ಇದನ್ನೇ ಮುಂದೆ ಆಯುಧ ನಿಷೇಧ ಎಂದು ಓದಲಾಯಿತು. 1609ರಲ್ಲಿ ಜಪಾನಿನ ಸತ್ಸುಮಾ ಪಾಳೆಯದವರು ದಂಡೆತ್ತಿ ಬಂದಾಗ ರ್‍ಯೂಕ್ಯೂ ಪಡೆ ಬರಿಗೈಯಲ್ಲಿ ನಿಂತಿರಲಿಲ್ಲ. ಸೋತ ಮೇಲೆ ಬಂದೂಕು ಮತ್ತು ಆಯುಧಗಳ ವ್ಯಾಪಾರಕ್ಕೆ ಕಟ್ಟುಪಾಡು ಬಂದದ್ದು ನಿಜ. ಆದರೆ ಮುಷ್ಟಿ ವಿದ್ಯೆಯನ್ನು ಬೆಳೆಸಿದವರು ಗದ್ದೆಯಲ್ಲಿ ದುಡಿಯುವವರಲ್ಲ, ಹೆಚ್ಚಿನವರು ಪೇಚಿನ್ ಎಂಬ ಅಧಿಕಾರಿ ವರ್ಗದವರು. ಮಾತ್ಸುಮುರಾ ಸೋಕೊನ್ ಅರಸರ ಅಂಗರಕ್ಷಕರಾಗಿದ್ದರು. ಅವರ ಪರಂಪರೆಯ ಇತೊಸು ಆಸ್ಥಾನದಲ್ಲಿ ಲೆಕ್ಕ ಪತ್ರ ಬರೆಯುವ ಕೆಲಸದವರು. ದಿನವಿಡೀ ದುಡಿದು ಬಂದ ರೈತನಿಗೆ ವರ್ಷಗಟ್ಟಲೆ ಒಂದೇ ಕಟಾವನ್ನು ತಿದ್ದಿಕೊಳ್ಳುವಷ್ಟು ಬಿಡುವು ಎಲ್ಲಿಂದ ಬರಬೇಕು? ಕುದುರೆ ಸವಾರನನ್ನು ಉರುಳಿಸಲು ಹಾರಿ ಒದೆಯುವುದನ್ನು ಕಂಡುಹಿಡಿದರು ಎಂಬುದಕ್ಕೂ ಆಧಾರವಿಲ್ಲ. ಓಕಿನಾವಾದ ಹಳೆಯ ಕಟಾಗಳಲ್ಲಿ ಒದೆತ ಬಹುತೇಕ ಸೊಂಟದಿಂದ ಕೆಳಗೇ. ತಲೆಯೆತ್ತರದ ಕಿಕ್‌ಗಳು ಹೆಚ್ಚಾದದ್ದು 20ನೇ ಶತಮಾನದ ಜಪಾನಿನಲ್ಲಿ.

ಇಲ್ಲಿಂದ ಮುಂದಿನದೇ ನನಗೆ ಬಹಳ ಪ್ರಿಯವಾದ ಭಾಗ, ಸಿನಿಮಾಗಳು ಹೇಳದ ಭಾಗ. 1879ರಲ್ಲಿ ಜಪಾನ್ ರ್‍ಯೂಕ್ಯೂವನ್ನು ನುಂಗಿಕೊಂಡಿತು. ಅಧಿಕಾರಿ ವರ್ಗ ಕೆಲಸ ಕಳೆದುಕೊಂಡಿತು. ಆಗ ಈ ವಿದ್ಯೆಯನ್ನು ಉಳಿಸಿದ್ದು ಶಾಲೆ. 1901ರ ಹೊತ್ತಿಗೆ ಇತೊಸು ಶುರಿಯ ಪ್ರಾಥಮಿಕ ಶಾಲೆಗೆ ಕರಾಟೆಯನ್ನು ತಂದರು. ಹಳೆಯ ಕಟಾಗಳು ಮಕ್ಕಳಿಗೆ ಕಷ್ಟ ಎಂದು ಪಿನಾನ್ ಎಂಬ ಐದು ಕಟಾಗಳನ್ನು ರೂಪಿಸಿದರು. ಇವತ್ತು ದಾವಣಗೆರೆಯ ಮಗುವೊಂದು ಹಳದಿ ಬೆಲ್ಟಿಗಾಗಿ ಮಾಡುವ ಪಿನಾನ್ ಅಥವಾ ಹೇಯಾನ್ ಅದೇ. ಶತ್ರುವನ್ನು ಕೊಲ್ಲಲು ಕಟ್ಟಿದ್ದಲ್ಲ, ಒಬ್ಬ ಮೇಷ್ಟ್ರು ಶಾಲೆಯ ಅಂಗಳಕ್ಕೆಂದು ಕಟ್ಟಿಕೊಟ್ಟದ್ದು.

ಅವರ ಶಿಷ್ಯ ಫುನಾಕೋಶಿ ಗಿಚಿನ್ (1868–1957) ಕೂಡ ಶಾಲಾ ಶಿಕ್ಷಕರೇ. 1922ರಲ್ಲಿ, ಐವತ್ತು ದಾಟಿದ ಮೇಲೆ, ಪ್ರದರ್ಶನಕ್ಕೆಂದು ಟೋಕಿಯೊಗೆ ಹೋದರು. ಜೂಡೊ ಕಟ್ಟಿದ ಕಾನೊ ಜಿಗೊರೊ ಫುನಾಕೋಶಿಯವರನ್ನು ಕರೆಸಿ ನೋಡಿದರು, ಬೇರೆಯವರೂ ಕಲಿಸಿಕೊಡಿ ಎಂದರು. ಫುನಾಕೋಶಿ ಅಲ್ಲೇ ಉಳಿದುಬಿಟ್ಟರು. ಓಕಿನಾವಾ ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಕಸ ಗುಡಿಸಿ, ಕಾವಲು ಕಾದು, ಬಿಡುವಿನಲ್ಲಿ ಕಲಿಸುತ್ತ ಬದುಕಿದರು. ಜಗತ್ತಿನ ಕೋಟ್ಯಂತರ ಜನ ಕರಾಟೆ ಮಾಡುತ್ತಿರುವುದರ ಹಿಂದೆ ಆ ಪೊರಕೆ ಹಿಡಿದ ಕೈಯೂ ಇದೆ. ಕರಾಟೆ ಎಂಬ ಹೆಸರಿಗೆ ‘ಚೀನೀ ಕೈ’ ಎಂಬ ಅರ್ಥದ ಹಳೆಯ ಬರಹದ ಜಾಗದಲ್ಲಿ ‘ಬರಿಗೈ’ ಎಂಬ ಬರಹವನ್ನು ಹಿರಿಯ ಗುರುಗಳು ಒಪ್ಪಿದ್ದು 1936ರ ಅಕ್ಟೋಬರ್ 25ರಂದು, ನಾಹಾದ ಸಭೆಯಲ್ಲಿ. ಆ ದಿನವನ್ನು ಓಕಿನಾವಾ ಈಗ ಕರಾಟೆ ದಿನವಾಗಿ ಆಚರಿಸುತ್ತದೆ.

ತಪ್ಪು ಕಲ್ಪನೆ: ಬ್ರೂಸ್ ಲೀ ಮಾಡಿದ್ದೇ ಕರಾಟೆ; ಕುಂಗ್ ಫು, ಟೇಕ್ವಾಂಡೊ, ಕರಾಟೆ ಎಲ್ಲ ಒಂದೇ

ವಾಸ್ತವ: ಬ್ರೂಸ್ ಲೀ ಹಾಂಗ್‌ಕಾಂಗ್‌ನಲ್ಲಿ ಇಪ್ ಮಾನ್ ಬಳಿ ಕಲಿತದ್ದು ವಿಂಗ್ ಚುನ್. ಮುಂದೆ ತನ್ನದೇ ದಾರಿಯನ್ನು ಜೀತ್ ಕುನ್ ಡೊ ಎಂದು ಕರೆದುಕೊಂಡ. ಕುಂಗ್ ಫು ಚೀನಾದ ನೂರಾರು ಶೈಲಿಗಳಿಗಿರುವ ಒಟ್ಟು ಹೆಸರು. ಟೇಕ್ವಾಂಡೊ ಕೊರಿಯಾದ್ದು, ಅದನ್ನು ಕಟ್ಟಿದ ಮೊದಲ ತಲೆಮಾರಿನ ಹಲವರು ಜಪಾನಿನಲ್ಲಿ ಕರಾಟೆ ಕಲಿತಿದ್ದರು, ಈಗ ಅದರ ನಿಯಮವೂ ಒಲವೂ ಬೇರೆ. ಒಂದೇ ಬ್ಯಾನರಿನಲ್ಲಿ ಕರಾಟೆ, ಕುಂಗ್ ಫು, ಕಿಕ್ ಬಾಕ್ಸಿಂಗ್, ಯೋಗ, ಜಿಮ್ನಾಸ್ಟಿಕ್ಸ್ ಎಲ್ಲ ಇದ್ದು ಎಲ್ಲಕ್ಕೂ ಒಬ್ಬರೇ ಮಾಸ್ಟರ್ ಆಗಿದ್ದರೆ, ಅವರು ಯಾವುದನ್ನು ಯಾರ ಬಳಿ ಎಷ್ಟು ವರ್ಷ ಕಲಿತರು ಎಂದು ಕೇಳಲೇಬೇಕು.

ತಪ್ಪು ಕಲ್ಪನೆ: ಹಂಚು ಒಡೆದರೆ, ಕೈಮೇಲೆ ಬೈಕ್ ಹತ್ತಿಸಿಕೊಂಡರೆ ಅವನೇ ನಿಜವಾದ ಕರಾಟೆಪಟು

ವಾಸ್ತವ: ಗಣೇಶೋತ್ಸವದ ವೇದಿಕೆಯಲ್ಲಿ ಮಂಗಳೂರು ಹಂಚುಗಳನ್ನು ಪೇರಿಸಿ ಮೊಣಕೈಯಲ್ಲಿ ಒಡೆಯುವುದನ್ನು ನಾವೆಲ್ಲ ನೋಡಿದ್ದೇವೆ. ಹಂಚು ಅಂಚಿನ ಮೇಲೆ ಕೂತಿರುತ್ತದೆ, ನಡುಭಾಗಕ್ಕೆ ಆಸರೆಯಿಲ್ಲ. ನಡುವೆ ಸಂದು ಬಿಟ್ಟು ಪೇರಿಸಿದರೆ ಮೇಲಿನದು ಒಡೆದು ಕೆಳಗಿನದರ ಮೇಲೆ ಬೀಳುತ್ತದೆ. ಹಲಗೆಯಾದರೆ ಒಣಗಿದ್ದು, ಎಳೆಯ ಗುಂಟ ಸೀಳುವಂಥದ್ದು. ಇದು ಮೋಸವಲ್ಲ. ಸರಿಯಾದ ಜಾಗಕ್ಕೆ, ಹಿಂಜರಿಯದೆ, ಇಡೀ ಮೈಯ ಬಲ ತಂದು ಹೊಡೆಯಬೇಕು, ಅದಕ್ಕೆ ಅಭ್ಯಾಸ ಬೇಕು. ಕೆಲವು ಶೈಲಿಗಳು ದೊಡ್ಡವರಿಗೆ ಇದನ್ನೊಂದು ಪರೀಕ್ಷೆಯಾಗಿ ಇಟ್ಟಿವೆ. ಆದರೆ ಕರಾಟೆಯ ಪ್ರತಿದಿನದ ಅಭ್ಯಾಸದಲ್ಲಿ ಇದರ ಪಾಲು ಬಹಳ ಸಣ್ಣದು. ಹೊಟ್ಟೆಯ ಮೇಲೆ ಬೈಕ್ ಓಡಿಸುವುದಕ್ಕೂ ತಲೆಗೆ ಟ್ಯೂಬ್‌ಲೈಟ್ ಒಡೆದುಕೊಳ್ಳುವುದಕ್ಕೂ ಕರಾಟೆಗೂ ಸಂಬಂಧವೇ ಇಲ್ಲ.

ಮಕ್ಕಳ ಮಟ್ಟಿಗೆ ಇಲ್ಲಿ ನನ್ನ ಮಾತು ಕಟುವಾಗಿಯೇ ಇರುತ್ತದೆ. ಮೂಳೆಯ ತುದಿಗಳಲ್ಲಿ ಬೆಳೆಯುವ ಮೃದುವಾದ ಪದರಗಳಿರುತ್ತವೆ, ಹದಿಹರೆಯ ಮುಗಿಯುವವರೆಗೂ ಅವು ಪೂರ್ತಿ ಗಟ್ಟಿಯಾಗುವುದಿಲ್ಲ. ಅಲ್ಲಿ ಪೆಟ್ಟು ಬಿದ್ದರೆ ಬೆಳವಣಿಗೆಯೇ ಕೆಡಬಹುದು. ಎಂಟು ವರ್ಷದ ಮಗುವಿಗೆ ಹಂಚು ಒಡೆಸುವ, ಕಾಂಕ್ರೀಟಿನ ಮೇಲೆ ಮುಷ್ಟಿ ಊರಿಸಿ ದಂಡ ಹೊಡೆಸುವ ಕ್ಲಾಸಿನಿಂದ ಮಗುವನ್ನು ಕರೆದುಕೊಂಡು ಬನ್ನಿ. ಚಪ್ಪಾಳೆ ಬಿದ್ದದ್ದು ಮಾಸ್ಟರಿಗೆ, ಕೈ ಮಗುವಿನದು.

ತಪ್ಪು ಕಲ್ಪನೆ: ಬೆಲ್ಟುಗಳು ಪ್ರಾಚೀನ ಪದ್ಧತಿ, ಬ್ಲ್ಯಾಕ್ ಬೆಲ್ಟ್ ಬಂದರೆ ವಿದ್ಯೆ ಮುಗಿಯಿತು

ವಾಸ್ತವ: ಬಿಳಿ ಬೆಲ್ಟನ್ನು ಎಂದೂ ತೊಳೆಯದೆ, ಬೆವರು ಧೂಳು ಹಿಡಿದು ಕಪ್ಪಾದದ್ದೇ ಬ್ಲ್ಯಾಕ್ ಬೆಲ್ಟ್ ಎಂಬ ಕಥೆಯೂ ಚಾಲ್ತಿಯಲ್ಲಿದೆ. ನಡೆದದ್ದು ಹೀಗೆ. ದಾನ್ ಎಂಬ, ಈಗ ಬ್ಲ್ಯಾಕ್ ಬೆಲ್ಟಿನ ದರ್ಜೆಯಾಗಿರುವ ಪದವಿ ಕೊಡುವ ಪದ್ಧತಿಯನ್ನು ಈ ಕಲೆಗಳಿಗೆ ತಂದವರು ಜೂಡೊದ ಕಾನೊ, 1880ರ ದಶಕದಲ್ಲಿ. ಕಪ್ಪು ಬೆಲ್ಟೂ ಅವರ ಶಾಲೆಯಿಂದಲೇ ಬಂತು. ಫುನಾಕೋಶಿ ಅದನ್ನು ಎರವಲು ಪಡೆದು ಕರಾಟೆಯಲ್ಲಿ ಮೊದಲ ದಾನ್ ಕೊಟ್ಟದ್ದು 1924ರಲ್ಲಿ. ಹಳದಿ, ಕಿತ್ತಳೆ, ಹಸಿರು ಮುಂತಾದ ಬಣ್ಣಗಳು ಯುರೋಪಿನ ಜೂಡೊ ಕ್ಲಬ್‌ಗಳಲ್ಲಿ ಪ್ರಚಾರಕ್ಕೆ ಬಂದು ಆಮೇಲೆ ಕರಾಟೆಗೂ ಹಬ್ಬಿದವು. ಮಾತ್ಸುಮುರಾ ಸೋಕೊನ್ ಅವರ ಸೊಂಟದಲ್ಲಿ ಯಾವ ಬಣ್ಣದ ಬೆಲ್ಟೂ ಇರಲಿಲ್ಲ.

ಮೊದಲ ದಾನ್ ಎಂದರೆ ಮೂಲ ಪಾಠಗಳು ಮೈಗೆ ಹತ್ತಿವೆ, ಇನ್ನು ನಿಜವಾದ ಕಲಿಕೆಗೆ ತಯಾರು ಎಂದಷ್ಟೇ. ನಿಯತ್ತಾಗಿ ವಾರಕ್ಕೆ ಎರಡು ಮೂರು ದಿನ ಅಭ್ಯಾಸ ಮಾಡಿದರೂ ಅಲ್ಲಿಗೆ ತಲುಪಲು ನಾಲ್ಕೈದು ವರ್ಷ ಹಿಡಿಯುವುದು ಸಹಜ. ಹೀಗಿರುವಾಗ ಪ್ರತಿ ಮೂರು ತಿಂಗಳಿಗೆ ಬೆಲ್ಟ್ ಟೆಸ್ಟ್, ಟೆಸ್ಟಿಗೆ ಕೂತವರೆಲ್ಲ ಪಾಸ್, ಪ್ರತಿ ಸಲವೂ ಫೀಸು ಏರಿಕೆ, ಎರಡು ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ ಎಂದರೆ ಅಲ್ಲಿ ಮಾರಾಟವಾಗುತ್ತಿರುವುದು ಬಟ್ಟೆಯ ಪಟ್ಟಿ. ಒಳ್ಳೆಯ ಕ್ಲಾಸಿನಲ್ಲಿ ಟೆಸ್ಟಿಗೆ ಇನ್ನೂ ತಯಾರಿಲ್ಲ ಎಂದು ಮಾಸ್ಟರೇ ಮಗುವನ್ನು ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸಿದಾಗ ಜಗಳಕ್ಕೆ ಹೋಗುವ ಪೋಷಕರೂ ಇದ್ದಾರೆ, ದಯವಿಟ್ಟು ಹೋಗಬೇಡಿ. ಆ ಮಾಸ್ಟರ್ ನಿಮ್ಮ ಮಗುವಿಗೆ ಮಾಡುತ್ತಿರುವ ಉಪಕಾರ ಅದು.

ತಪ್ಪು ಕಲ್ಪನೆ: ಕಟಾ ಬರೀ ಕುಣಿತ, ಎದುರಾಳಿಯೊಂದಿಗೆ ಸೆಣಸುವ ಕುಮಿಟೆಯಷ್ಟೇ ಅಸಲಿ

ವಾಸ್ತವ: ಕಟಾ ಎಂದರೆ ಗೊತ್ತುಪಡಿಸಿದ ಚಲನೆಗಳ ಸರಣಿ. ಪುಸ್ತಕ ವಿರಳವಾಗಿದ್ದ ಕಾಲದಲ್ಲಿ ಒಬ್ಬ ಗುರುವಿನ ತಿಳಿವಳಿಕೆಯನ್ನು ಮುಂದಿನ ತಲೆಮಾರಿಗೆ ಸಾಗಿಸಿದ್ದು ಈ ಸರಣಿಗಳೇ. ಶಾಸ್ತ್ರೀಯ ಸಂಗೀತ ಕಲಿಯುವವರಿಗೆ ಸರಳೆ ವರಸೆ ಹೇಗೋ ಕರಾಟೆಗೆ ಕಟಾ ಹಾಗೆ, ಆದರೆ ಕಛೇರಿಯ ಘನ ಕೃತಿಯೂ ಅದೇ. ಫುನಾಕೋಶಿ ಪರಂಪರೆಯ ಶೊಟೊಕಾನ್ ಶೈಲಿಯಲ್ಲಿ 26 ಕಟಾಗಳಿವೆ. ಮಿಯಾಗಿ ಚೋಜುನ್ (1888–1953) ಕಟ್ಟಿದ ಗೋಜು ರ್‍ಯುನಲ್ಲಿ ಹನ್ನೆರಡು. ಮಾಬುನಿ ಕೆನ್ವಾ (1889–1952) ಅವರ ಶಿತೊ ರ್‍ಯುನಲ್ಲಿ ಇನ್ನೂ ಎಷ್ಟೋ ಹೆಚ್ಚು, ಏಕೆಂದರೆ ಅವರು ಶುರಿ ಮತ್ತು ನಾಹಾ ಎರಡೂ ಪರಂಪರೆಗಳ ಗುರುಗಳಲ್ಲಿ ಕಲಿತಿದ್ದರು. ಒಂದೊಂದು ಚಲನೆಗೂ ಪ್ರಯೋಗವಿದೆ: ಬ್ಲಾಕ್ ಎಂದು ಕಲಿತ ಕೈ ಎದುರಾಳಿಯ ಮಣಿಕಟ್ಟನ್ನು ತಿರುಚುವುದೂ ಆಗಬಹುದು, ಹಿಂದಕ್ಕೆ ಸೆಳೆಯುವ ಮುಷ್ಟಿ ಹಿಡಿದ ತೋಳನ್ನು ಎಳೆಯುವುದೂ ಆಗಬಹುದು. ‘ಸರ್, ಈ ಚಲನೆ ಯಾಕೆ?’ ಎಂದು ಮಗು ಕೇಳಿದಾಗ ಜೋಡಿಯಾಗಿ ನಿಲ್ಲಿಸಿ ತೋರಿಸಬಲ್ಲವರು ಕಟಾ ಬಲ್ಲವರು. ‘ಹೇಳಿದಷ್ಟು ಮಾಡು’ ಎನ್ನುವವರ ಕೈಯಲ್ಲಿ ಅದು ನಿಜಕ್ಕೂ ಕುಣಿತವಾಗಿಬಿಡುತ್ತದೆ.

ತಪ್ಪು ಕಲ್ಪನೆ: ಕರಾಟೆ ಪಂದ್ಯದಲ್ಲಿ ಯಾರು ಹೆಚ್ಚು ಹೊಡೆದು ಬೀಳಿಸುತ್ತಾರೋ ಅವರೇ ಗೆಲ್ಲುತ್ತಾರೆ

ವಾಸ್ತವ: ಕರಾಟೆ ಒಲಿಂಪಿಕ್ಸ್‌ಗೆ ಬಂದದ್ದು ಒಂದೇ ಸಲ, 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ. ಪುರುಷರ 75 ಕೆ.ಜಿ. ಮೇಲ್ಪಟ್ಟ ವಿಭಾಗದ ಫೈನಲ್‌ನಲ್ಲಿ ಸೌದಿ ಅರೇಬಿಯಾದ ತಾರೆಗ್ ಹಮೆದಿ ಮುಂದಿದ್ದರು. ಅವರ ಕಿಕ್ ಇರಾನಿನ ಸಜ್ಜಾದ್ ಗಂಜ್‌ಜಾದೆ ಅವರ ತಲೆಗೆ ತಗುಲಿ ಅವರು ಪ್ರಜ್ಞೆ ತಪ್ಪಿ ಬಿದ್ದರು. ಚಿನ್ನ ಸಿಕ್ಕಿದ್ದು ಬಿದ್ದವರಿಗೆ. ಮಿತಿಮೀರಿದ ಪೆಟ್ಟಿಗಾಗಿ ಹಮೆದಿ ಅನರ್ಹರಾದರು. ನಿಯಮ ಗೊತ್ತಿಲ್ಲದವರಿಗೆ ಅನ್ಯಾಯವೆನಿಸಿತು, ಚರ್ಚೆಯೂ ನಡೆಯಿತು. ಆದರೆ ವಿಶ್ವ ಕರಾಟೆ ಫೆಡರೇಷನ್ನಿನ ಕುಮಿಟೆಯ ಜೀವಾಳವೇ ಹಿಡಿತ. ಪಂಚಿಗೆ ಒಂದು ಅಂಕ, ಹೊಟ್ಟೆ ಎದೆಯ ಮಟ್ಟದ ಕಿಕ್ಕಿಗೆ ಎರಡು, ತಲೆಯ ಮಟ್ಟದ ಕಿಕ್ಕಿಗೆ ಮೂರು. ವೇಗವಾಗಿ ಹೋದ ಕಾಲು ತಾಗುವ ಹೊತ್ತಿಗೆ ಹಿಡಿತದಲ್ಲಿರಬೇಕು. ಓಯಾಮಾ ಮಾಸುತಾತ್ಸು ಕಟ್ಟಿದ ಕ್ಯೊಕುಶಿನ್‌ನಂಥ ಶೈಲಿಗಳಲ್ಲಿ ಮೈಗೆ ಪೂರ್ತಿ ಬಲದಿಂದ ಹೊಡೆಯುತ್ತಾರೆ, ಅಲ್ಲೂ ಮುಖಕ್ಕೆ ಕೈಯಿಂದ ಹೊಡೆಯುವಂತಿಲ್ಲ. ನೀವು ಸೇರುವ ಕ್ಲಾಸ್ ಯಾವ ನಿಯಮದ್ದು ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಹಲ್ಲಿನ ಗಾರ್ಡ್, ಕೈಗವಸು, ಮೊಳಕಾಲ ಕೆಳಗಿನ ಪ್ಯಾಡ್ ಇಲ್ಲದೆ ಮಕ್ಕಳನ್ನು ಸ್ಪಾರಿಂಗಿಗೆ ಬಿಡುವಲ್ಲಿ ಯಾವ ನಿಯಮವೂ ಇಲ್ಲವೆಂದೇ ತಿಳಿಯಬೇಕು.

ಅದೇ ಕೂಟದಲ್ಲಿ ಪುರುಷರ ಕಟಾ ಚಿನ್ನ ಗೆದ್ದವರು ಓಕಿನಾವಾದವರೇ ಆದ ಕಿಯುನಾ ರ್‍ಯೊ. ತೀರಿಹೋದ ತಾಯಿಯ ಭಾವಚಿತ್ರ ಹಿಡಿದು ಅವರು ಪದಕದ ವೇದಿಕೆ ಏರಿದರು. ಆ ಪುಟ್ಟ ದ್ವೀಪಕ್ಕೆ ಆ ದಿನ ಏನಾಗಿತ್ತೆಂದು ಬಿಡಿಸಿ ಹೇಳಬೇಕಿಲ್ಲ. 2024ರ ಪ್ಯಾರಿಸ್ ಕೂಟದಲ್ಲಿ ಕರಾಟೆ ಇರಲಿಲ್ಲ. ‘ನಿಮ್ಮ ಮಗುವನ್ನು ಒಲಿಂಪಿಕ್ಸ್‌ಗೆ ತಯಾರು ಮಾಡುತ್ತೇವೆ’ ಎಂದು ಯಾರಾದರೂ ಹಣ ಕೇಳಿದರೆ ಇದು ನೆನಪಿರಲಿ.

ತಪ್ಪು ಕಲ್ಪನೆ: ಕರಾಟೆ ಕಲಿತ ಹುಡುಗಿಗೆ ಇನ್ನು ಯಾವ ಭಯವೂ ಇಲ್ಲ

ವಾಸ್ತವ: ನಮ್ಮ ರಾಜ್ಯದ ವಸತಿ ಶಾಲೆಗಳ ಹೆಣ್ಣುಮಕ್ಕಳಿಗೆ ಒನಕೆ ಓಬವ್ವನ ಹೆಸರಿನಲ್ಲಿ ಆತ್ಮರಕ್ಷಣೆಯ ತರಬೇತಿ ಕೊಡಲಾಗಿದೆ. ಒಳ್ಳೆಯ ಕೆಲಸ. ಗಂಟಲೆತ್ತಿ ಕೂಗಲು, ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ಬೇಡ ಎನ್ನಲು, ಗಟ್ಟಿಯಾಗಿ ಕಾಲೂರಿ ನಿಲ್ಲಲು ಕರಾಟೆ ಕಲಿಸುತ್ತದೆ. ಅದರ ಬೆಲೆ ನನಗೆ ಗೊತ್ತು. ಆದರೆ ಹತ್ತು ವರ್ಷದ ಮಗು ಎಪ್ಪತ್ತು ಕಿಲೊ ತೂಕದ ಗಂಡಸನ್ನು ಹೊಡೆದು ಬೀಳಿಸುತ್ತದೆ ಎಂದು ನಂಬಿಸುವುದು ಆ ಮಗುವನ್ನು ಅಪಾಯಕ್ಕೆ ತಳ್ಳಿದಂತೆ. ಬಿಡಿಸಿಕೊಳ್ಳುವುದು, ಓಡುವುದು, ಜನರಿರುವ ಕಡೆ ಸೇರುವುದು, 112ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದು ಇವೂ ಪಾಠದಲ್ಲಿ ಇರಬೇಕು. ಒಂಟಿಯಾಗಿ ಗಾಳಿಗೆ ಹೊಡೆದು ಕಲಿತ ಪಂಚ್ ನಿಜವಾದ ಕೈ ಭುಜ ಹಿಡಿದಾಗ ನೆನಪಿಗೆ ಬರುವುದಿಲ್ಲ. ಜೊತೆಗಾರರೊಂದಿಗೆ ಹಿಡಿತ ಬಿಡಿಸಿಕೊಳ್ಳುವ ಅಭ್ಯಾಸ ಬೇಕು.

ಬ್ಲ್ಯಾಕ್ ಬೆಲ್ಟ್ ಬಂದವರು ಪೊಲೀಸ್ ಠಾಣೆಯಲ್ಲಿ ಹೆಸರು ನೋಂದಾಯಿಸಬೇಕು ಎಂಬ ಮಾತಿಗೆ ಆಧಾರವಿಲ್ಲ. ಕಾನೂನು ಹೇಳುವುದು ಬೇರೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಎಲ್ಲರಿಗೂ ಕೊಡುತ್ತವೆ, ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕನ್ನು ಯಾರಿಗೂ ಕೊಡುವುದಿಲ್ಲ. ಬಿದ್ದವನಿಗೆ ಮತ್ತೆ ಹೊಡೆದರೆ ಬೆಲ್ಟ್ ಯಾವ ಬಣ್ಣದ್ದಾದರೂ ಅದು ಅಪರಾಧವೇ. ಮೊದಲು ಕೈ ಎತ್ತಬಾರದು ಎಂಬುದು ಫುನಾಕೋಶಿ ಶಿಷ್ಯರಿಗೆ ಹಾಕಿಕೊಟ್ಟ ನಿಯಮ. ಕಾಮಾಕುರಾದ ಎಂಗಾಕುಜಿ ದೇವಾಲಯದಲ್ಲಿ ಅವರ ಸ್ಮಾರಕ ಶಿಲೆಯ ಮೇಲೂ ಅದನ್ನೇ ಕೆತ್ತಲಾಗಿದೆ.

ತಪ್ಪು ಕಲ್ಪನೆ: ಮೂವತ್ತು ದಾಟಿದ ಮೇಲೆ ಕಲಿಯಲಾಗದು

ವಾಸ್ತವ: ಟೋಕಿಯೊದಲ್ಲಿ ಮಹಿಳೆಯರ ಕಟಾ ಚಿನ್ನ ಗೆದ್ದಾಗ ಸ್ಪೇನಿನ ಸಾಂದ್ರಾ ಸಾಂಚೆಸ್ ಅವರಿಗೆ 39 ವರ್ಷ. ಪದಕದ ಗುರಿಯಿಲ್ಲದವರಿಗಂತೂ ವಯಸ್ಸು ಅಡ್ಡಿಯೇ ಅಲ್ಲ. ಬಿ.ಪಿ., ಮಂಡಿ ನೋವು, ಬೆನ್ನುನೋವು ಇದ್ದರೆ ವೈದ್ಯರನ್ನು ಕೇಳಿ, ಮಾಸ್ಟರಿಗೂ ಮುಚ್ಚಿಡದೆ ಹೇಳಿ ಸೇರಿಕೊಳ್ಳಿ. ಮಕ್ಕಳನ್ನು ಬಿಡಲು ಬಂದ ಅಮ್ಮಂದಿರು ಹೊರಗೆ ಕೂರುವ ಬದಲು ಹಿಂದಿನ ಸಾಲಿನಲ್ಲಿ ನಿಲ್ಲಲು ಶುರು ಮಾಡಿದ ಕ್ಲಾಸುಗಳಿವೆ. ಅಂಥ ಕ್ಲಾಸಿನ ಗಾಳಿಯೇ ಬೇರೆ.

ತಪ್ಪು ಕಲ್ಪನೆ: ಸರ್ಟಿಫಿಕೇಟಿನಲ್ಲಿ ‘ಇಂಟರ್‌ನ್ಯಾಷನಲ್’ ಎಂದಿದ್ದರೆ ಒಳ್ಳೆಯ ಕ್ಲಾಸು

ವಾಸ್ತವ: ಆ ಪದವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಕರಾಟೆಯಲ್ಲಿ ಎಲ್ಲರನ್ನೂ ಆಳುವ ಒಂದೇ ಸಂಸ್ಥೆ ಯಾವತ್ತೂ ಇರಲಿಲ್ಲ. ಒಂದೊಂದು ಶೈಲಿಗೂ ಹಲವು ಸಂಘಗಳಿವೆ. ಒಲಿಂಪಿಕ್ ಸಮಿತಿ ಮನ್ನಿಸಿದ್ದು ವಿಶ್ವ ಕರಾಟೆ ಫೆಡರೇಷನ್ನನ್ನು. ಭಾರತದಲ್ಲಿ ಅದರ ಅಂಗಸಂಸ್ಥೆಯಾಗಿದ್ದ ಸಂಘ 2020ರಲ್ಲಿ ಮಾನ್ಯತೆ ಕಳೆದುಕೊಂಡು, ಆಮೇಲೆ ಬೇರೊಂದು ಸಂಸ್ಥೆ ಆ ಜಾಗಕ್ಕೆ ಬಂತು. ಮಗು ಪಂದ್ಯಗಳಲ್ಲಿ ಮುಂದೆ ಹೋಗಬೇಕೆಂಬ ಆಸೆಯಿದ್ದರೆ, ‘ನಿಮ್ಮ ಕ್ಲಬ್ ಈಗ ಯಾವ ರಾಜ್ಯ ಸಂಘದ ಮೂಲಕ ಯಾವ ರಾಷ್ಟ್ರೀಯ ಸಂಸ್ಥೆಗೆ ಸೇರಿದೆ?’ ಎಂದು ಕೇಳಿ, ಆ ಸಂಸ್ಥೆಯ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ಬೆಲ್ಟಿನ ಸರ್ಟಿಫಿಕೇಟಿಗೆ ಕ್ರೀಡಾ ಕೋಟಾದಲ್ಲಿ ಸೀಟು ಸಿಗುವುದಿಲ್ಲ. ಅದಕ್ಕೆ ಲೆಕ್ಕಕ್ಕೆ ಬರುವುದು ಮಾನ್ಯತೆಯಿರುವ ಪಂದ್ಯಗಳ ಸಾಧನೆ.

ಪಂದ್ಯದ ಆಸೆಯಿಲ್ಲದಿದ್ದರೆ ಸಂಘದ ಹೆಸರಿಗಿಂತ ಮಾಸ್ಟರ್ ಮುಖ್ಯ. ಶೈಲಿ ಶೊಟೊಕಾನೋ ಗೋಜುವೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಮನೆಗೆ ಹತ್ತಿರವಿದ್ದು ತಪ್ಪದೆ ಹೋಗಲಾಗುವ ಒಳ್ಳೆಯ ಕ್ಲಾಸು ದೂರದ ದೊಡ್ಡ ಹೆಸರಿಗಿಂತ ಮೇಲು. ಸೇರುವ ಮೊದಲು ಒಂದು ಪೂರ್ತಿ ತರಗತಿಯನ್ನು ಕೂತು ನೋಡಲು ಕೇಳಿ. ಪೋಷಕರು ನೋಡಬಾರದು ಎಂದರೆ ಅಲ್ಲಿಂದಲೇ ಹಿಂತಿರುಗಿ, ಎರಡನೆಯ ಮಾತು ಬೇಡ. ಕೂತಾಗ ಬೆಲ್ಟುಗಳನ್ನು ನೋಡಬೇಡಿ, ಹಿಂದಿನ ಸಾಲಿನ ಮಕ್ಕಳನ್ನು ನೋಡಿ. ತಪ್ಪು ಮಾಡಿದ ಮಗುವಿನ ಹತ್ತಿರ ಯಾರಾದರೂ ಬಂದು ಕಾಲಿನ ಸ್ಥಾನ ತಿದ್ದುತ್ತಾರೆಯೇ? ಕೋಲು ಕೈಯಲ್ಲಿದೆಯೇ? ಶುರುವಿನಲ್ಲಿ ಮೈ ಬಿಸಿ ಮಾಡಿಸಿದರೇ? ನೀರು ಕುಡಿಯಲು ಬಿಡುತ್ತಾರೆಯೇ? ಪೆಟ್ಟಾದರೆ ಕಟ್ಟಲು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇದೆಯೇ? ಹೆಣ್ಣುಮಕ್ಕಳು ಎಷ್ಟಿದ್ದಾರೆ, ಅವರಿಗೆ ಬಟ್ಟೆ ಬದಲಿಸಲು ಜಾಗವಿದೆಯೇ? ಹೊರ ಊರಿನ ಪಂದ್ಯಕ್ಕೆ ಹೋಗುವಾಗ ಜೊತೆಗೆ ಯಾರು ಹೋಗುತ್ತಾರೆ? ಮಕ್ಕಳ ಮೈ ಮುಟ್ಟಿ ತಿದ್ದಬೇಕಾದ ಕಲೆ ಇದು. ಮುಟ್ಟುವ ಮೊದಲು ಹೇಳಿ ಮುಟ್ಟುವ, ಎಲ್ಲರೆದುರು ಮುಟ್ಟುವ ಪದ್ಧತಿಯಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಒಳ್ಳೆಯ ಮಾಸ್ಟರ್ ಈ ಪ್ರಶ್ನೆಗಳಿಗೆ ಮುನಿಸಿಕೊಳ್ಳುವುದಿಲ್ಲ.

ಹಣದ ವಿಷಯವನ್ನೂ ಮೊದಲೇ ಬಿಡಿಸಿ ಕೇಳಿ: ತಿಂಗಳ ಫೀಸು, ವರ್ಷದ ಸದಸ್ಯತ್ವ, ಬೆಲ್ಟ್ ಟೆಸ್ಟಿನ ಶುಲ್ಕ, ಬ್ಲ್ಯಾಕ್ ಬೆಲ್ಟಿಗೆ ಆಗುವ ಒಟ್ಟು ಖರ್ಚು, ಪಂದ್ಯಕ್ಕೆ ಹೋಗುವುದು ಕಡ್ಡಾಯವೋ ಅಲ್ಲವೋ. ಒಂದೇ ಸಲ ವರ್ಷದ ಹಣ ಕಟ್ಟಬೇಡಿ. ಮೊದಲ ತಿಂಗಳು ಡ್ರೆಸ್ ಕೊಳ್ಳುವ ಅಗತ್ಯವೂ ಇಲ್ಲ. ಸಡಿಲವಾದ ಪ್ಯಾಂಟು, ಟೀ ಶರ್ಟು ಸಾಕು. ಕೈಕಾಲಿನ ಉಗುರು ಕತ್ತರಿಸಿ, ಸರ, ಬಳೆ, ವಾಚು ಬಿಚ್ಚಿಟ್ಟು, ಒಂದು ಬಾಟಲಿ ನೀರಿನೊಂದಿಗೆ ಹತ್ತು ನಿಮಿಷ ಮೊದಲೇ ಕಳಿಸಿ. ತಿಂಗಳು ಕಳೆದ ಮೇಲೂ ಮಗು ತಾನಾಗಿ ಬ್ಯಾಗು ಹಿಡಿದು ಹೊರಟರೆ ಆಗ ಡ್ರೆಸ್ ಹೊಲಿಸಿ, ಒಂದು ಅಳತೆ ದೊಡ್ಡದಿರಲಿ.